ವಿದ್ಯುತ್ ವಾಹನವೂ ನೆರೆಮನೆಯ ದೀಪವೂ



ಘಣಸೋಲಿಯ ಬೀದಿಗಳಲ್ಲಿ ಸದ್ದಿಲ್ಲದೆ ಸಾಗುವ ಸ್ಕೂಟರು, ಕಾರುಗಳನ್ನು ನಾವು ದಿನವೂ ಕಾಣುತ್ತೇವೆ. ವಿದ್ಯುತ್ತಿನಿಂದ ನಡೆಯುವ ಈ ವಾಹನಗಳು ಹೊಗೆಯುಗುಳುವುದಿಲ್ಲ. ಇದು ಅವುಗಳ ದೊಡ್ಡ ಗುಣ. ಆದರೆ ಅವುಗಳ ಹಸಿವು ತಣಿಯುವುದು ಬಹುಮಟ್ಟಿಗೆ ಮನೆಯ ವಿದ್ಯುತ್ತಿನಿಂದಲೇ. ಇದರಿಂದ ನಮ್ಮ ಬೀದಿಯ ವಿದ್ಯುತ್ ವ್ಯವಸ್ಥೆಗೆ ಒದಗುವ ಪರಿಣಾಮವೇನೆಂಬುದನ್ನು ವಿಚಾರಮಾಡೋಣ.

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ದೂರಕ್ಕೆ ಹೆಚ್ಚು ಒತ್ತಡದಲ್ಲಿ ಕಳುಹಿಸಿ, ಬಳಸುವ ಸ್ಥಳದಲ್ಲಿ ಒತ್ತಡವನ್ನು ಇಳಿಸುವುದೇ ಅಂದಿನ ಉಪಾಯ; ಇಂದಿಗೂ ಕ್ರಮ ಅದೇ. ನಮ್ಮಲ್ಲಿ ಸಾವಿರಾರು ವೋಲ್ಟ್ ಒತ್ತಡದಲ್ಲಿ ಬರುವ ವಿದ್ಯುತ್ತನ್ನು ಬೀದಿಯ ಟ್ರಾನ್ಸ್‌ಫಾರ್ಮರು ಇಳಿಸುತ್ತದೆ. ಮನೆಗೆ ಬರುವಾಗ ಅದು 230 ವೋಲ್ಟ್ ಆಗಿರುತ್ತದೆ. ಒಂದು ಟ್ರಾನ್ಸ್‌ಫಾರ್ಮರನ್ನು ಹಲವಾರು ಮನೆಗಳು ಹಂಚಿಕೊಂಡಿರುತ್ತವೆ.

ಒಂದು ಫ್ಯಾನು ಸುಮಾರು 75 ವ್ಯಾಟ್ ಬೇಡುತ್ತದೆ. ಮನೆಯಲ್ಲಿ ಚಾರ್ಜ್ ಆಗುವ ಕಾರು ಸಾಮಾನ್ಯವಾಗಿ 3.3 ಕಿಲೋವ್ಯಾಟ್, ಎಂದರೆ ನಲವತ್ತನಾಲ್ಕು ಫ್ಯಾನುಗಳಷ್ಟು ಬೇಡುತ್ತದೆ. ಗೋಡೆಯ ದೊಡ್ಡ ಚಾರ್ಜರಾದರೆ 7 ಕಿಲೋವ್ಯಾಟಿಗೂ ಮಿಗಿಲು. ಸ್ಕೂಟರಿಗೆ ಒಂದು ಕಿಲೋವ್ಯಾಟಿನ ಆಸುಪಾಸು ಸಾಕು.

ಈಗ ಒಂದು ಲೆಕ್ಕ. 200 ಕಿಲೋವ್ಯಾಟ್ ಹೊರಬಲ್ಲ ಟ್ರಾನ್ಸ್‌ಫಾರ್ಮರಿಗೆ 100 ಮನೆಗಳು ಸೇರಿವೆಯೆಂದು ಭಾವಿಸಿರಿ. ಸಂಜೆ ಎಂಟು ಗಂಟೆಗೆ ಮನೆಯೊಂದಕ್ಕೆ ಒಂದೂವರೆ ಕಿಲೋವ್ಯಾಟಿನಂತೆ 150 ಆಯಿತು. ಕಚೇರಿಯಿಂದ ಮರಳಿದ ಇಪ್ಪತ್ತು ಮಂದಿ ಅದೇ ಹೊತ್ತಿಗೆ ಕಾರನ್ನು ಚಾರ್ಜಿಗೆ ಹಾಕಿದರೆ ಇನ್ನೂ 66 ಸೇರಿ 216 ಆಗುವುದು. ಹನಿಗೂಡಿದರೆ ಹಳ್ಳವೆಂಬ ಮಾತು ಇಲ್ಲಿಯೂ ಸತ್ಯ.

ಹೊರೆ ಮೀರಿದರೇನಾಗುವುದು? ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ, ಅದರಲ್ಲಿ ಹುಟ್ಟುವ ಕಾವು ನಾಲ್ಕು ಪಟ್ಟಾಗುವುದು. ಈ ಕಾವಿನಿಂದ ಟ್ರಾನ್ಸ್‌ಫಾರ್ಮರಿನ ಒಳಹೊದಿಕೆ ಬೇಗ ಸವೆಯುತ್ತದೆ. ತಂತಿಯ ಕೊನೆಯ ಮನೆಗಳಲ್ಲಿ ಒತ್ತಡ ಕುಗ್ಗಿ ದೀಪಗಳು ಮಂಕಾಗುತ್ತವೆ. ಕಡೆಗೆ ಫ್ಯೂಸು ಹೋಗಿ ಬೀದಿಯೇ ಕತ್ತಲಾಗುತ್ತದೆ. ಆ ಕತ್ತಲು ಕಾರುಳ್ಳವರು, ಇಲ್ಲದವರು ಎಂಬ ಭೇದವನ್ನೆಣಿಸದು. ಸೈಕಲ್ಲೂ ಇಲ್ಲದ ಮನೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿರುವ ಬಾಲಕಿಯ ದೀಪವೂ ಆರಿಹೋಗುವುದು. ವಿಷಯದ ಮರ್ಮವಿರುವುದು ಇಲ್ಲಿಯೇ.

ಹಾಗಾದರೆ ಈ ವಾಹನಗಳು ಬೇಡವೇ? ಹಾಗಲ್ಲ. ನಾವು ಬಿಟ್ಟುಬಂದ ಹಳ್ಳಿಗಳಲ್ಲಿ ಬೇಸಿಗೆಯ ಬಾವಿಯಿಂದ ಎಲ್ಲರೂ ಒಮ್ಮೆಗೇ ನೀರು ಸೇದುತ್ತಿರಲಿಲ್ಲ. ಒರತೆ ತುಂಬಲು ಬಿಟ್ಟು, ಸರದಿಯಂತೆ ಸೇದುತ್ತಿದ್ದರು. ಇಲ್ಲಿಯೂ ಬೇಕಾದುದು ಆ ಸರದಿಯೇ. ದಿನಕ್ಕೆ 30 ಕಿಲೋಮೀಟರ್ ಓಡುವ ಕಾರಿಗೆ ಸುಮಾರು 5 ಯೂನಿಟ್ ಸಾಕು. ಅದು ಒಂದೂವರೆ ಗಂಟೆಯ ಕೆಲಸ. ಆದುದರಿಂದ ಇಪ್ಪತ್ತೂ ಕಾರುಗಳು ಎಂಟು ಗಂಟೆಗೇ ಮುಗಿಬೀಳಬೇಕಾಗಿಲ್ಲ. ಮಧ್ಯರಾತ್ರಿಯಲ್ಲಿ ಮನೆಗಳ ಬೇಡಿಕೆ 80ಕ್ಕೆ ಇಳಿದಿದ್ದರೆ, ಅಷ್ಟೂ ಕಾರುಗಳು ಸೇರಿದರೂ 146 ಮಾತ್ರ. ನಿಗದಿಯಾದ ಹೊತ್ತಿಗೆ ತಾನಾಗಿ ಆರಂಭವಾಗುವ ಏರ್ಪಾಡು ಅನೇಕ ಕಾರುಗಳಲ್ಲಿದೆ. ಹಗಲು ಮನೆಯಲ್ಲೇ ನಿಲ್ಲುವ ವಾಹನಕ್ಕೆ ಬಿಸಿಲಿನ ಹೊತ್ತು ಇನ್ನೂ ಲೇಸು. 2023ರಲ್ಲಿ ಕೇಂದ್ರ ಸರ್ಕಾರವು ತಿದ್ದಿದ ನಿಯಮಗಳು ಸೌರಶಕ್ತಿ ದೊರೆಯುವ ಗಂಟೆಗಳಲ್ಲಿ ದರವು ಕಡಮೆಯೂ, ಬೇಡಿಕೆ ಏರಿದ ಗಂಟೆಗಳಲ್ಲಿ ಹೆಚ್ಚೂ ಇರಬೇಕೆಂದು ವಿಧಿಸಿದುದರ ಉದ್ದೇಶವೂ ಇದೇ.

ಇನ್ನು ಮನೆಯೊಳಗಿನ ಎಚ್ಚರ. ಕಾರಿಗೆ ಗಂಟೆಗಟ್ಟಲೆ ಸುಮಾರು 14 ಆಂಪಿಯರ್ ಹರಿಯುವುದು. ಸಣ್ಣ ಪ್ಲಗ್ಗಿನಿಂದಲೋ ಉದ್ದದ ಎಕ್ಸ್‌ಟೆನ್ಷನ್ ವಯರಿನಿಂದಲೋ ಅದನ್ನು ಎಳೆಯುವುದು ಬೆಂಕಿಯನ್ನು ಕರೆದಂತೆ. ಅರ್ತಿಂಗ್ ಇರುವ ಪ್ರತ್ಯೇಕ ಸಾಲು ಬೇಕು. ಹೆಚ್ಚುವ ಹೊರೆಯನ್ನು ಸೊಸೈಟಿಗೂ ವಿದ್ಯುತ್ ಕಚೇರಿಗೂ ಮೊದಲೇ ತಿಳಿಸಬೇಕು. ತಿಳಿಸಿದರೆ ಮಾತ್ರ ದೊಡ್ಡ ಟ್ರಾನ್ಸ್‌ಫಾರ್ಮರು ಬೇಕೆಂಬುದು ಅವರಿಗೆ ಗೊತ್ತಾದೀತು.

ವಿದ್ಯಾರ್ಥಿಗಳೇ, ಇಂದು ಸಂಜೆ ನಿಮ್ಮ ಕಟ್ಟಡದಲ್ಲಿ ಇಂತಹ ವಾಹನಗಳೆಷ್ಟು, ಯಾವ ಹೊತ್ತಿಗೆ ಚಾರ್ಜಾಗುತ್ತವೆ ಎಂಬುದನ್ನು ಎಣಿಸಿ, ಮೇಲಿನ ಲೆಕ್ಕವನ್ನು ನೀವೇ ಮಾಡಿರಿ. ಬಿಲ್ಲು ನಮ್ಮ ಮನೆಯದಾದರೂ ಟ್ರಾನ್ಸ್‌ಫಾರ್ಮರು ಎಲ್ಲರದು. ಇದನ್ನು ಮನೆಯ ಹಿರಿಯರಿಗೆ ತಿಳಿಯಹೇಳಿದರೆ ನೀವು ಕಲಿತ ವಿಜ್ಞಾನವು ಸಾರ್ಥಕವಾಗುವುದು.