ಪಟ್ಟಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ

ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಸಂಸಾರ ಹೂಡಿರುವ ನಮ್ಮವರಲ್ಲಿ ಕೆಲವರು ಅಲ್ಲಿನ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸಕ್ಕೆ ಇಳಿದಿದ್ದೀರಿ. ಊರೂರಲ್ಲೂ ಇರುವ ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಾಲೆಯಲ್ಲೋ, ಯಾವುದೋ ಕಂಪನಿಯ ಮೀಟಿಂಗ್ ಕೋಣೆಯಲ್ಲೋ ವ್ಯಾಪಾರದ ಇಂಗ್ಲಿಷ್ ಕಲಿಸುತ್ತೀರಿ. ಒಳ್ಳೆಯ ಕೆಲಸ, ಮಾಡಿ. ಆದರೆ ನಿಮ್ಮ ಚೀಲ ತೆರೆದರೆ ಮೊದಲು ಸಿಗುವುದು ಒಂದು ಪಟ್ಟಿ: ಎಡಕ್ಕೆ ಇಂಗ್ಲಿಷ್, ಬಲಕ್ಕೆ ಜರ್ಮನ್, ಒಟ್ಟು ನಲವತ್ತು ಪದ. ಅದನ್ನು ಹಂಚಿ, ಮುಂದಿನ ವಾರ ಬಾಯಿಪಾಠ ಮಾಡಿಕೊಂಡು ಬನ್ನಿ ಎಂದು ಹೇಳಿ ಎದ್ದುಬಿಡುತ್ತೀರಿ. ಈ ಅಭ್ಯಾಸ ಬಿಡಿ.

ಎದುರಿಗೆ ಕೂತವರು ಯಾರು ಎಂದು ಸ್ವಲ್ಪ ನೋಡಿ. ಒಬ್ಬರು ಖರೀದಿ ವಿಭಾಗದವರು, ಒಬ್ಬರು ಲೆಕ್ಕಪತ್ರದವರು. ದಿನವಿಡೀ ದುಡಿದು ಸಂಜೆ ನಿಮ್ಮ ಹತ್ತಿರ ಬಂದಿದ್ದಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಇವರ ಮೇಲೆ ಹೇರಬೇಡಿ. ಲಾಭ, ವಹಿವಾಟು, ಆಸ್ತಿಪಟ್ಟಿ ಅಂದರೇನು ಎಂದು ಅವರಿಗೆ ವಿವರಿಸಲು ಹೋಗಲೂಬೇಡಿ. ಅದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು, ಗೊತ್ತಿಲ್ಲದಿರುವುದು ಅದರ ಇಂಗ್ಲಿಷ್ ಹೆಸರು ಮಾತ್ರ. ಲೈಪ್‌ಜಿಗ್, ಡ್ರೆಸ್ಡೆನ್ ಕಡೆಯಾದರೆ ಇನ್ನೊಂದು ಮಾತು ನೆನಪಿರಲಿ. 1990ರಲ್ಲಿ ಎರಡು ಜರ್ಮನಿ ಒಂದಾಗುವ ಮೊದಲು ಆ ಭಾಗದ ಶಾಲೆಗಳಲ್ಲಿ ಐದನೇ ತರಗತಿಯಿಂದ ಕಡ್ಡಾಯವಾಗಿ ಕಲಿಸುತ್ತಿದ್ದ ವಿದೇಶಿ ಭಾಷೆ ರಷ್ಯನ್. ಹಾಗಾಗಿ ಐವತ್ತು ದಾಟಿದವರೊಬ್ಬರು ಮಗಳ ವಯಸ್ಸಿನ ಸಹೋದ್ಯೋಗಿಯ ಎದುರು ತಡವರಿಸಿದರೆ ದಡ್ಡತನ ಅಂದುಕೊಳ್ಳಬೇಡಿ. ಅಂಥವರನ್ನು ಮೊದಲ ದಿನವೇ ಎಬ್ಬಿಸಿ ನಿಲ್ಲಿಸಿ ಓದಿಸಬೇಡಿ.

ಪದಗಳನ್ನು ಎಲ್ಲಿಂದ ತರಬೇಕು ಅನ್ನುತ್ತೀರಾ? ಅವರ ಮೇಜಿನಿಂದಲೇ. ಕಳೆದ ವಾರ ಅವರು ಇಂಗ್ಲಿಷಿನಲ್ಲಿ ಬರೆದ ಎರಡು ಇಮೇಲ್ ತರಲು ಹೇಳಿ. ಗಿರಾಕಿಯ ಹೆಸರು, ಬೆಲೆ, ದೂರವಾಣಿ ಸಂಖ್ಯೆಗಳನ್ನೆಲ್ಲ ಮೊದಲೇ ಅಳಿಸಿ ತರಲಿ. ಆ ದೇಶದಲ್ಲಿ ಮಾಹಿತಿ ರಕ್ಷಣೆ ಹುಡುಗಾಟವಲ್ಲ. ಆ ಎರಡು ಇಮೇಲ್‌ಗಳಲ್ಲೇ ಒಂದು ಸಂಜೆಗೆ ಸಾಕಾಗುವಷ್ಟು ಕೆಲಸ ಸಿಗುತ್ತದೆ. ಎಂಟು ಹತ್ತು ಪದ ಸಾಕು, ಹಾಸಿಗೆ ಇದ್ದಷ್ಟು ಕಾಲು ಚಾಚಿ. ಆದರೆ ಪದವನ್ನು ಒಂಟಿಯಾಗಿ ಕೊಡಬೇಡಿ. ಆರ್ಡರ್ ಎಂದಷ್ಟೇ ಬರೆಸದೆ ಪ್ಲೇಸ್ ಆ್ಯನ್ ಆರ್ಡರ್ ಎಂದು ಬರೆಸಿ, ಡೆಡ್‌ಲೈನ್ ಜೊತೆಗೆ ಮೀಟ್ ಸೇರಿಸಿ. ಮೈಕೇಲ್ ಲೂಯಿಸ್ 1993ರ ತಮ್ಮ ‘ದಿ ಲೆಕ್ಸಿಕಲ್ ಅಪ್ರೋಚ್’ ಪುಸ್ತಕದಲ್ಲಿ ವಾದಿಸಿದ್ದೂ ಇದನ್ನೇ, ಭಾಷೆ ಬರುವುದು ಇಂಥ ಜೋಡಿಗಳಲ್ಲಿ ಎಂದು. ಒಂಟಿ ಪದ ಕಲಿತವರು ಜೊತೆಯ ಕ್ರಿಯಾಪದವನ್ನು ಜರ್ಮನ್‌ನಿಂದ ತರುತ್ತಾರೆ. ಡೂ ಬಿಸಿನೆಸ್ ಅನ್ನಬೇಕಾದಲ್ಲಿ ಮೇಕ್ ಬಿಸಿನೆಸ್ ಎಂದು ಬರುವುದು ಹಾಗೆ.

ಇನ್ನು, ಬೆಳ್ಳಗಿರುವುದೆಲ್ಲ ಹಾಲಲ್ಲ. ಜರ್ಮನ್, ಇಂಗ್ಲಿಷ್ ಎರಡೂ ದಾಯಾದಿ ಭಾಷೆಗಳು. ಒಂದೇ ಮುಖದ ಪದಗಳು ಬಹಳ, ಗುಣ ಬೇರೆಯಾದವೂ ಅಷ್ಟೇ. ಬೆಕೊಮೆನ್ ಅಂದರೆ ಪಡೆಯುವುದು. ಹೋಟೆಲಿನಲ್ಲಿ ಕೂತು ಐ ಬಿಕಮ್ ಎ ಸ್ಟೇಕ್ ಎಂದವರ ಹಳೆಯ ಜೋಕು ಎಲ್ಲರಿಗೂ ಗೊತ್ತು. ಅದು ನಕ್ಕು ಮುಗಿಯುತ್ತದೆ, ಅದಕ್ಕೆ ಸಮಯ ಹಾಳು ಮಾಡಬೇಡಿ. ನಷ್ಟ ತರುವ ಪದಗಳ ಮೇಲೆ ಕಣ್ಣಿಡಿ. ಎವೆಂಟುಎಲ್ ಅಂದರೆ ಒಂದು ವೇಳೆ, ಆದರೂ ಆದೀತು. ಇಂಗ್ಲಿಷಿನ ಇವೆಂಚುವಲಿ ಅಂದರೆ ಕೊನೆಗಂತೂ ಆಗಿಯೇ ಆಗುತ್ತದೆ. ಸಾಧ್ಯವಾದರೆ ಸರಕು ಕಳಿಸುತ್ತೇವೆ ಎಂದು ಬರೆಯಲು ಹೊರಟವರು ಕಳಿಸಿಯೇ ತೀರುತ್ತೇವೆ ಎಂದು ಮಾತು ಕೊಟ್ಟಿರುತ್ತಾರೆ. ಪ್ರೊವಿಜಿಯೋನ್ ಜರ್ಮನ್ನರಿಗೆ ಮಾರಾಟದ ಕಮಿಷನ್. ಇಂಗ್ಲಿಷ್ ಲೆಕ್ಕಪತ್ರದಲ್ಲಿ ಪ್ರಾವಿಷನ್ ಎಂದರೆ ಮುಂದೆ ಬರಬಹುದಾದ ಖರ್ಚಿಗೆ ತೆಗೆದಿಟ್ಟ ಮೊತ್ತ. (ನಮಗೋ ಅದು ಬೀದಿ ಕೊನೆಯ ಅಂಗಡಿ, ಅದನ್ನು ತರಗತಿಯಲ್ಲಿ ಹೇಳಿ, ನಗಲಿ.) ಪ್ರೊಟೊಕೋಲ್ ಸಭೆಯ ನಡಾವಳಿ, ಅದಕ್ಕೆ ಇಂಗ್ಲಿಷಿನಲ್ಲಿ ಮಿನಿಟ್ಸ್. ಶೆಫ್ ಅಂದರೆ ಅಡುಗೆಯವನಲ್ಲ, ಮೇಲಧಿಕಾರಿ. ಇಂಥವನ್ನು ಒಂದೇ ದಿನ ಸುರಿಯಬೇಡಿ, ಅವರ ಪತ್ರದಲ್ಲಿ ಎದುರಾದಾಗ ಹಿಡಿದು ನಿಲ್ಲಿಸಿ.

ಕನ್ನಡ ಬಲ್ಲ ನಿಮಗೆ ಎರಡು ಕಡೆ ಬೇರೆಯವರಿಗಿಲ್ಲದ ಅನುಕೂಲವಿದೆ. ಜರ್ಮನ್‌ನಲ್ಲಿ ಬಿಸ್ ಎಂಬ ಒಂದೇ ಪದ. ಶುಕ್ರವಾರದೊಳಗೆ ಎನ್ನಲೂ ಅದೇ, ಶುಕ್ರವಾರದವರೆಗೆ ಎನ್ನಲೂ ಅದೇ. ಇಂಗ್ಲಿಷಿನ ಬೈ, ಅಂಟಿಲ್ ಅವರಿಗೆ ಬೆರೆತುಹೋಗುತ್ತವೆ. ಒಳಗೆ ಎಂದರೆ ಗಡುವು, ವರೆಗೆ ಎಂದರೆ ಅವಧಿ, ನಿಮಗೆ ಇದು ಬಾಲ್ಯದಿಂದ ಬಂದದ್ದು. ಹಲಗೆಯ ಮೇಲೆ ಒಂದು ಗೆರೆ ಎಳೆದು ಶುಕ್ರವಾರವನ್ನು ಗುರುತಿಸಿ ತೋರಿಸಿ. ಹಾಗೆಯೇ ಮುಸ್ ನಿಖ್ಟ್. ಕೇಳಲು ಮಸ್ಟ್ ನಾಟ್ ಇದ್ದ ಹಾಗಿದೆ, ಅರ್ಥ ಮಾತ್ರ ಮಾಡಬೇಕಾಗಿಲ್ಲ ಎಂದು. ಇಂಗ್ಲಿಷಿನ ಮಸ್ಟ್ ನಾಟ್ ಅಂದರೆ ಮಾಡಲೇಬಾರದು. ನಾಳೆ ನೀವು ಬರಬೇಕಾಗಿಲ್ಲ ಎಂದು ಸೌಜನ್ಯದಿಂದ ಹೇಳಹೊರಟವರು ಅತಿಥಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಂಕಿಗಳನ್ನು ಯಾರೂ ಪದವೆಂದು ಲೆಕ್ಕಿಸುವುದೇ ಇಲ್ಲ, ನೀವಾದರೂ ಲೆಕ್ಕಿಸಿ. ಜರ್ಮನ್ನರು 25ನ್ನು ಐದು ಮತ್ತು ಇಪ್ಪತ್ತು ಎಂದು ಓದುತ್ತಾರೆ. ಹಾಗಾಗಿ ಇಂಗ್ಲಿಷಿನಲ್ಲಿ ಬೆಲೆ ಹೇಳುವಾಗ ದಣಿದ ನಾಲಗೆಯಲ್ಲಿ 25 ಹೋಗಿ 52 ಆಗುತ್ತದೆ. ಅವರು ಬರೆಯುವ 1.500 ಎಂದರೆ ಸಾವಿರದೈನೂರು. ಇಂಗ್ಲಿಷ್ ಓದುವವರಿಗೆ ಅದು ಒಂದೂವರೆ. ಅವರ ಬಿಲ್ಯೋನ್ ಅಂದರೆ ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್ ಅಂದರೆ ನೂರು ಕೋಟಿ, ಅದಕ್ಕೆ ಅವರಲ್ಲಿ ಮಿಲಿಯಾರ್ಡೆ ಎಂಬ ಪದವಿದೆ. ಸೊನ್ನೆ ಎಣಿಸಿಯೇ ಪಾಠ ಮಾಡಿ. ಲಕ್ಷ, ಕೋಟಿಯಲ್ಲಿ ಬೆಳೆದ ನೀವೂ ಇಲ್ಲಿ ಎಡವಬಹುದಾದ್ದರಿಂದ ಮನೆಯಲ್ಲೇ ತಯಾರಿ ಮಾಡಿಕೊಂಡು ಹೋಗಿ. ಪ್ರತಿ ಪಾಠದ ಮೊದಲ ಐದು ನಿಮಿಷ ಬೆಲೆ, ದಿನಾಂಕ, ಫೋನ್ ನಂಬರುಗಳನ್ನು ಹೇಳಿ ಬರೆಸಿ. ಇಷ್ಟು ಮಾಡಿದರೆ ಅವರ ಕಂಪನಿ ನಿಮಗೆ ಕೊಟ್ಟ ಸಂಬಳಕ್ಕೆ ಮೋಸವಿಲ್ಲ.

ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ, ಈಗ ನಿಮ್ಮ ಇಂಗ್ಲಿಷಿನ ಕಡೆಗೂ ಸ್ವಲ್ಪ ತಿರುಗಿ. ಡೂ ದಿ ನೀಡ್‌ಫುಲ್, ಪ್ರಿಪೋನ್, ಔಟ್ ಆಫ್ ಸ್ಟೇಷನ್ ಇವೆಲ್ಲ ನಮ್ಮ ಕಚೇರಿಗಳಲ್ಲಿ ನಡೆಯುತ್ತವೆ, ನಡೆಯಲಿ. ಅವರ ನೋಟ್‌ಬುಕ್ಕಿಗೆ ದಾಟಿಸಬೇಡಿ. ಪ್ರಶ್ನೆ ಕೇಳುವ ಬದಲು ಐ ಹ್ಯಾವ್ ಎ ಡೌಟ್ ಎಂದರೆ ಎದುರಿನವರಿಗೆ, ಇವರಿಗೆ ನಮ್ಮ ಮೇಲೆ ನಂಬಿಕೆಯಿಲ್ಲವೇನೋ ಅನ್ನಿಸೀತು. ಆದರೆ ಬೆಂಗಳೂರಿನ ತಂಡದ ಜೊತೆ ದಿನವೂ ಮಾತಾಡುವ ಜರ್ಮನ್ನರಿದ್ದರೆ ಈ ಮಾತುಗಳ ಅರ್ಥವನ್ನು ಒಂದು ದಿನ ಕೂತು ತಿಳಿಸಿ. ಕೇಳಿ ತಿಳಿಯಲು ಬೇಕು, ಬರೆಯಲು ಬೇಡ.

ಕಲಿಸಿದ್ದನ್ನು ಮತ್ತೆ ಕೇಳದೆ ಮುಂದಕ್ಕೆ ಓಡುವ ಚಾಳಿಯೂ ನಿಮಗಿದೆ. ಹಾಡುತ್ತ ಹಾಡುತ್ತ ರಾಗ ಎಂಬುದನ್ನು ಮರೆತಿರೇ? ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಮೊದಲೇ ಸೋರಿಹೋಗುತ್ತದೆ ಎಂದು 1885ರಲ್ಲೇ ಬರೆದ. ಅದಕ್ಕೆ ಸುಲಭದ ಉಪಾಯವನ್ನು ಸೆಬಾಸ್ಟಿಯನ್ ಲೈಟ್ನರ್ 1972ರ ಪುಸ್ತಕದಲ್ಲಿ ಜನಪ್ರಿಯ ಮಾಡಿದರು. ಅದು ಖಾನೆಗಳಿರುವ ಒಂದು ಪೆಟ್ಟಿಗೆ, ಒಳಗೆ ಚೀಟಿಗಳು. ಗೊತ್ತಿದ್ದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ತಿರುಗಿ ಬರುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಮರಳುತ್ತದೆ. ನಿಮ್ಮ ಹತ್ತಿರ ಕಲಿಯುವವರಲ್ಲಿ ಹಲವರು ಶಾಲೆಯಲ್ಲೇ ಇದನ್ನು ಬಳಸಿರುತ್ತಾರೆ, ಹೊಸದಾಗಿ ಒಪ್ಪಿಸಬೇಕಾಗಿಲ್ಲ. ಚೀಟಿಯ ಮೇಲೆ ಒಂಟಿ ಪದ ಬೇಡ, ಅವರದೇ ಕೆಲಸದ ಒಂದು ವಾಕ್ಯ ಇರಲಿ.

ಕೊನೆಗೆ ಪಾಠದ ಹೊತ್ತು. ಹಾಲ್ಬ್ ಆಖ್ಟ್ ಅಂದರೆ ಏಳೂವರೆ, ಬ್ರಿಟಿಷರ ಹಾಫ್ ಎಯ್ಟ್ ಅಂದರೆ ಎಂಟೂವರೆ. ಒಂದು ಗಂಟೆ ತಡವಾಗಿ ಹೋಗಿ ಭಾಷೆಯ ಮೇಲೆ ತಪ್ಪು ಹೊರಿಸಿದರೆ ಅಲ್ಲಿ ಯಾರೂ ಒಪ್ಪುವುದಿಲ್ಲ. ಇಮೇಲಿನಲ್ಲಿ 19:30 ಎಂದು ಅಂಕಿಯಲ್ಲೇ ಬರೆಯಿರಿ, ಮತ್ತು ಐದು ನಿಮಿಷ ಮೊದಲೇ ಹೋಗಿ ಕೂತಿರಿ.