ಇಫುಗಾವೊ ಸಮುದಾಯ (ಫಿಲಿಪ್ಪೀನ್ಸ್): ಪರೀಕ್ಷಾ ಟಿಪ್ಪಣಿ

1. ನೆಲೆ: ಲುಝಾನ್ ದ್ವೀಪದ ಉತ್ತರ ಭಾಗ, ಕಾರ್ಡಿಲ್ಲೆರಾ ಬೆಟ್ಟಸಾಲು. 'ಇಗೊರೊಟ್' ಎಂಬುದು ಇಲ್ಲಿನ ಹಲವು ಬುಡಕಟ್ಟುಗಳ ಒಟ್ಟು ಹೆಸರು; ಇಫುಗಾವೊ ಅದರಲ್ಲೊಂದು.

2. ಮೆಟ್ಟಿಲು ಭತ್ತದ ಗದ್ದೆ: ಯುನೆಸ್ಕೊ ಪಟ್ಟಿಗೆ 1995, ಅಪಾಯದ ಪಟ್ಟಿಯಲ್ಲಿ 2001–2012. ಗದ್ದೆಗಳ ಮೇಲ್ಭಾಗದ ಕುಟುಂಬದ ಕಾಡು 'ಮುಯೊಂಗ್'. ನೀರು ಹಿಡಿದಿಡುವುದು, ಸೌದೆ, ಮರಮುಟ್ಟು ಎಲ್ಲಕ್ಕೂ ಇದೇ ಆಧಾರ. ಕಾಡು ಕಡಿದರೆ ಗದ್ದೆಗೂ ಕುತ್ತು.

3. ಬುಲುಲ್: ಕಣಜ ಕಾಯುವ ಮರದ ವಿಗ್ರಹ. ಮುಂಬಾಕಿ: ಪೂಜಾರಿ. (ಅದಲುಬದಲು ಮಾಡಬೇಡಿ.)

4. ಹುಡ್‌ಹುಡ್: ಬಿತ್ತನೆ, ಕೊಯ್ಲು, ಶವಜಾಗರಣೆಯಲ್ಲಿ ಹಾಡುವ ಕಥನಗೀತೆ. ಮುಖ್ಯ ಗಾಯಕಿ ಸಾಮಾನ್ಯವಾಗಿ ಹಿರಿಯ ಮಹಿಳೆ. ಯುನೆಸ್ಕೊ ಮೇರುಕೃತಿ ಘೋಷಣೆ 2001, ಅದರ ಅಮೂರ್ತ ಪರಂಪರೆ ಪಟ್ಟಿಗೆ 2008. ಎರಡೂ ವರ್ಷ ನೆನಪಿರಲಿ.

5. ಗೊಂದಲ: ನೇತಾಡುವ ಶವಪೆಟ್ಟಿಗೆಗಳು ಇಫುಗಾವೊದಲ್ಲಲ್ಲ, ಸಗಾಡದಲ್ಲಿ (ಕಂಕನೈ ಸಮುದಾಯ).

6. ಮೂಲನಿವಾಸಿಗಳ ಹಕ್ಕು ಕಾಯ್ದೆ: 1997.