ಖಡ್ಗದ ನಾದ: ಕನ್ನಡ ಕಥನದಲ್ಲಿ ಗೋರಕ್ಷ

ಮಧ್ಯಕಾಲೀನ ಕನ್ನಡ ಕಥನಸಾಹಿತ್ಯದಲ್ಲಿ ಪವಾಡಗಳಿಗೆ ಕೊರತೆಯಿಲ್ಲ. ಹರಿಹರನ ರಗಳೆಗಳಿಂದ ಮೊದಲುಗೊಂಡು ನಂತರದ ಷಟ್ಪದಿ ಪುರಾಣಗಳವರೆಗೆ ಶರಣರು ಅಸಾಧ್ಯವಾದುದನ್ನು ಸಾಧಿಸುತ್ತಲೇ ಹೋಗುತ್ತಾರೆ. ಇಂತಹ ಪರಂಪರೆಯಲ್ಲಿ ಸಿದ್ಧಿಪುರುಷನೊಬ್ಬನು ಎದುರಾಳಿಯಾಗಿ ಬಂದು ನಿಂತಾಗ ಕವಿಗೆ ಒದಗುವ ತೊಡಕು ಸಾಮಾನ್ಯವಾದುದಲ್ಲ. ಅವನ ಶಕ್ತಿ ಸುಳ್ಳೆಂದರೆ ಶರಣರ ಪವಾಡಗಳೂ ಸಂಶಯಕ್ಕೊಳಗಾಗುತ್ತವೆ. ನಿಜವೆಂದರೆ ಅವನನ್ನು ನಿರಾಕರಿಸಲು ಬೇರೊಂದು ನೆಲೆ ಬೇಕಾಗುತ್ತದೆ. ಅಲ್ಲಮ-ಗೋರಕ್ಷರ ಮುಖಾಮುಖಿಯನ್ನು ಈ ತೊಡಕಿನ ಹಿನ್ನೆಲೆಯಲ್ಲಿ ಓದಬೇಕು.

ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಗೋರಕ್ಷನಿಲ್ಲ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿಯೂ ಅವನು ವಜ್ರಕಾಯನಾಗಿ ಕಾಣಿಸಿಕೊಳ್ಳುತ್ತಾನೆ. ಕಥೆ ಸರ್ವವಿದಿತ. ತನ್ನ ದೇಹಕ್ಕೆ ಅಳಿವಿಲ್ಲವೆಂಬ ಹೆಮ್ಮೆಯಿಂದ ಗೋರಕ್ಷನು ಅಲ್ಲಮನ ಕೈಗೆ ಖಡ್ಗವನ್ನು ಕೊಟ್ಟು ಹೊಡೆಯೆನ್ನುತ್ತಾನೆ. ಹೊಡೆತಕ್ಕೆ ಖಣಿಲೆಂಬ ನಾದವೇಳುತ್ತದೆ, ದೇಹಕ್ಕೆ ಗಾಯವಾಗುವುದಿಲ್ಲ. ಬಳಿಕ ಗೋರಕ್ಷನು ಬೀಸಿದ ಖಡ್ಗವು ಅಲ್ಲಮನ ಶರೀರದಲ್ಲಿ ಬಯಲನ್ನು ಹಾಯ್ದಂತೆ ಹಾಯ್ದುಹೋಗುತ್ತದೆ. ಅಲ್ಲಿ ನಾದವೇ ಇಲ್ಲ.

ಇಲ್ಲಿ ಗಮನಿಸಬೇಕಾದುದು ಗೋರಕ್ಷನ ಸೋಲಿನ ಬಗೆ. ಅವನ ವಿದ್ಯೆ ವಿಫಲವಾಗಲಿಲ್ಲ. ಕಥನವು ಅವನನ್ನು ಕಪಟಿಯೆಂದು ಬಯಲಿಗೆಳೆಯುವುದಿಲ್ಲ. ಯೋಗದಿಂದ ದೇಹ ವಜ್ರವಾಗಬಲ್ಲದೆಂಬುದನ್ನು ಪೂರ್ಣವಾಗಿ ಒಪ್ಪುತ್ತದೆ. ಒಪ್ಪಿದ ಮೇಲೆ, ಖಡ್ಗವನ್ನು ತಡೆದ ಆ ಗಟ್ಟಿತನವೇ ದೇಹಭಾವ ಅಳಿಯದಿರುವುದಕ್ಕೆ ಸಾಕ್ಷಿಯಾಗುತ್ತದೆ. ಸಾಧನೆ ಸಿದ್ಧಿಸಿದೆ, ಸಿದ್ಧಿಸಿದ್ದರಿಂದಲೇ ಸಾಧಕನು ಸೆರೆಯಲ್ಲಿದ್ದಾನೆ. ಪವಾಡಕಥೆಗಳಲ್ಲಿ ಅಪರೂಪವಾದ ತರ್ಕವಿದು. ಸಾಮಾನ್ಯ ಪವಾಡದಲ್ಲಿ ಹೆಚ್ಚಿನ ಶಕ್ತಿ ಕಡಿಮೆ ಶಕ್ತಿಯನ್ನು ಮಣಿಸುತ್ತದೆ. ಇಲ್ಲಿ ಅಲ್ಲಮನು ತೋರುವುದು ಶಕ್ತಿಯನ್ನೇ ಅಲ್ಲ. ಆದರೂ ಖಡ್ಗ ಹಾಯ್ದುಹೋದುದು ನೋಡುವವರ ಕಣ್ಣಿಗೆ ಮತ್ತೊಂದು ಪವಾಡವೇ ತಾನೆ? ಈ ಸಂದಿಗ್ಧವನ್ನು ಎರಡೂ ಕೃತಿಗಳು ಪೂರ್ತಿಯಾಗಿ ದಾಟಿವೆಯೆಂದು ಹೇಳಲಾಗದು.

ಈ ಎದುರಾಳಿಯನ್ನು ಸುಲಭವಾಗಿ ತಳ್ಳಿಹಾಕಲಾಗದಿದ್ದುದಕ್ಕೆ ಸಾಮೀಪ್ಯವೂ ಕಾರಣ. ನಾಥರೂ ಶೈವರೇ; ಅವರೂ ಗುರುವನ್ನೇ ನೆಚ್ಚಿದವರು, ಜಾತಿಯ ಮೇಲುಕೀಳನ್ನು ಮನ್ನಿಸದವರು, ದೇಹದೊಳಗೇ ಪರತತ್ತ್ವವನ್ನು ಅರಸಿದವರು. ದೇಹವನ್ನೇ ದೇಗುಲವೆಂದ ಶರಣಮಾರ್ಗಕ್ಕೂ ದೇಹವನ್ನು ಸ್ಥಿರಗೊಳಿಸಹೊರಟ ಸಿದ್ಧಮಾರ್ಗಕ್ಕೂ ನಡುವಿನ ಗೆರೆ ಬಹಳ ತೆಳ್ಳಗಿನದು. ಆ ಗೆರೆಯನ್ನು ಎಳೆಯಲು ಕವಿಗಳಿಗೆ ಖಡ್ಗವೇ ಬೇಕಾಯಿತು. ಸೋತ ಗೋರಕ್ಷನನ್ನು ಕಥನವು ಕೊಲ್ಲುವುದಿಲ್ಲ, ಅಲ್ಲಮನಿಂದ ಉಪದೇಶ ಕೊಡಿಸಿ ಒಳಗೆ ಸೇರಿಸಿಕೊಳ್ಳುತ್ತದೆ.

ಐರೋಲಿ, ಠಾಣೆ, ಡೊಂಬಿವಲಿಗಳಲ್ಲಿ ಬೆಳೆದ ಕನ್ನಡ ವಿದ್ಯಾರ್ಥಿಗೆ ಇದೇ ಗೋರಕ್ಷನ ಇನ್ನೊಂದು ಮುಖ ನೆರೆಮನೆಯಲ್ಲೇ ಪರಿಚಿತ. ಮರಾಠಿ ಮನೆಗಳಲ್ಲಿ ಪಾರಾಯಣಗೊಳ್ಳುವ ‘ನವನಾಥ ಭಕ್ತಿಸಾರ’ದಲ್ಲಿ ಗೋರಕ್ಷನು ಸೋಲುವವನಲ್ಲ, ಬಿಡಿಸುವವನು: ಸ್ತ್ರೀರಾಜ್ಯದಲ್ಲಿ ಮೈಮರೆತ ಗುರು ಮಚ್ಛಿಂದ್ರನನ್ನು ಮೃದಂಗದ ದನಿಯಿಂದ ಎಚ್ಚರಿಸಿ ಕರೆತರುವ ಶಿಷ್ಯ. ಜ್ಞಾನೇಶ್ವರನ ಗುರುಪರಂಪರೆಯೂ ಮತ್ಸ್ಯೇಂದ್ರ, ಗೋರಕ್ಷ, ಗಹಿನೀ, ನಿವೃತ್ತಿ ಎಂದೇ ಸಾಗುತ್ತದೆ. ಆದುದರಿಂದ ಮರಾಠಿಯಲ್ಲಿ ಸಿದ್ಧಿಯ ಗರ್ವಭಂಗಕ್ಕೆ ಬೇರೊಬ್ಬ ಯೋಗಿ ಬೇಕಾಯಿತು. ಹುಲಿಯನ್ನೇರಿ, ಹಾವಿನ ಚಾವಟಿ ಹಿಡಿದು ಬಂದ ಚಾಂಗದೇವನು, ಗೋಡೆಯ ಮೇಲೆ ಕುಳಿತೇ ಎದುರುಗೊಳ್ಳಲು ಬಂದ ಜ್ಞಾನೇಶ್ವರನಿಗೆ ಮಣಿದನೆಂಬುದು ಐತಿಹ್ಯ. ಹುಲಿಗೆ ಗೋಡೆ ಉತ್ತರವಾಗುವ ಈ ಕಥೆ ಚಮತ್ಕಾರಕ್ಕೆ ಪ್ರತಿಚಮತ್ಕಾರವನ್ನೊಡ್ಡುತ್ತದೆ. ಗಂಭೀರವಾದ ಉತ್ತರವಿರುವುದು ಜ್ಞಾನೇಶ್ವರನು ಚಾಂಗದೇವನಿಗೆ ಬರೆದ ಅರವತ್ತೈದು ಓವಿಗಳಲ್ಲಿ. ಕನ್ನಡದ ಖಡ್ಗಪ್ರಸಂಗದಲ್ಲಾದರೋ ಘಟನೆಯೇ ತತ್ತ್ವವನ್ನು ನುಡಿಯುತ್ತದೆ. ಕಥನಕಲೆಯ ದೃಷ್ಟಿಯಿಂದ ಅದರ ಮೇಲ್ಮೆ ಇಲ್ಲಿದೆ.

‘ಕದಳಿ’ಯೆಂಬ ಪದವನ್ನೂ ಈ ಸಂದರ್ಭದಲ್ಲಿ ನೋಡಬಹುದು. ನಾಥಕಥೆಗಳಲ್ಲಿ ಕದಳಿಯು ಮತ್ಸ್ಯೇಂದ್ರನು ಮರುಳಾದ ನೆಲೆ; ಶರಣರಿಗೆ ಅದು ಅಕ್ಕಮಹಾದೇವಿ ಐಕ್ಯಳಾದ ಶ್ರೀಶೈಲದ ಬನ. ಒಂದೇ ಬಾಳೆಯ ತೋಟ ಒಬ್ಬರಿಗೆ ಮಾಯೆಯಾಗಿಯೂ ಇನ್ನೊಬ್ಬರಿಗೆ ಬಯಲಾಗಿಯೂ ತೋರಿದೆ. ಮಂಗಳೂರಿನ ಕದಿರೆಯ ಹೆಸರನ್ನೂ ಕದಳಿಯೊಡನೆ ಜೋಡಿಸುವುದುಂಟು. ಅಲ್ಲಿ ಆಳುಪ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ. ನಾಥರ ಜೋಗಿಮಠವೂ ಇದೆ.

ಕಾವ್ಯದಲ್ಲಿ ಸೋತ ಗೋರಕ್ಷನ ಪಂಥ ನೆಲದ ಮೇಲೆ ಸೋಲಲಿಲ್ಲ. ಹನ್ನೆರಡು ವರ್ಷಗಳಿಗೊಮ್ಮೆ, ನಾಸಿಕದ ಸಿಂಹಸ್ಥ ಮುಗಿದ ಮೇಲೆ, ಜೋಗಿಗಳ ಝುಂಡಿಯು ತ್ರ್ಯಂಬಕದಿಂದ ಕಾಲ್ನಡಿಗೆಯಲ್ಲಿ ಹೊರಟು ತಿಂಗಳುಗಟ್ಟಲೆ ನಡೆದು ಕದಿರೆಯನ್ನು ಸೇರುತ್ತದೆ. ಅಲ್ಲಿ ಮಠಕ್ಕೆ ಹೊಸ ಅರಸನಿಗೆ ಪಟ್ಟವಾಗುತ್ತದೆ. 2015ರ ಸಿಂಹಸ್ಥದ ಬಳಿಕ ಹೊರಟ ಝುಂಡಿಯು 2016ರಲ್ಲಿ ಅಲ್ಲಿಗೆ ತಲುಪಿತು.